ಮೊದಲ ದಿನವೇ ಮುರಿಯದಿರಲು: ಪೈಪರ್ ಕಬ್, ಸೆಸ್ನಾ ಮಾದರಿಯ ರಿಮೋಟ್ ವಿಮಾನ ಆರಿಸಿ ಹಾರಿಸುವ ಸಮಗ್ರ ಮಾರ್ಗದರ್ಶಿ

ಹೊಸ ರಿಮೋಟ್ ವಿಮಾನ ಮುರಿಯುವುದು ಹೆಚ್ಚಾಗಿ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ. ನೆಲ ಬಿಡುತ್ತದೆ, ಮೂಗೆತ್ತುತ್ತದೆ, ಎಡಕ್ಕೆ ವಾಲುತ್ತದೆ, ಬೀಳುತ್ತದೆ. ಬಿದ್ದ ಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: "ಗಾಳಿ ಜಾಸ್ತಿ ಇತ್ತು." ಬಿದ್ದದ್ದನ್ನು ಬಿಚ್ಚಿ ನೋಡಿದರೆ ಬೇರೆಯೇ ಕಾಣುತ್ತದೆ. ಬ್ಯಾಟರಿ ಎರಡು ಬೆರಳಿನಷ್ಟು ಹಿಂದೆ ಕೂತಿರುತ್ತದೆ, ಐಲೆರಾನ್ (ವಿಮಾನವನ್ನು ವಾಲಿಸುವ, ರೆಕ್ಕೆಯ ಹಿಂಬದಿಯ ಆಡುವ ಪಟ್ಟಿ) ಉಲ್ಟಾ ಆಡುತ್ತಿರುತ್ತದೆ, ಇಲ್ಲವೇ ಗೈರೋ (ವಿಮಾನ ವಾಲಿದರೆ ತಾನೇ ನೆಟ್ಟಗೆ ಮಾಡುವ ಉಪಕರಣ) ತಪ್ಪು ದಿಕ್ಕಿಗೆ ತಿದ್ದುತ್ತಿರುತ್ತದೆ. ಇವೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ಸಿಗಬೇಕಾದ ತಪ್ಪುಗಳು.

ಅದಕ್ಕೇ ಇಲ್ಲಿ ಹಾರಾಟಕ್ಕಿಂತ ಹಾರಾಟದ ಹಿಂದಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹೋದರೆ ಅದರ ಲೆಕ್ಕ ಹೊಲದಲ್ಲಿ ಚುಕ್ತಾ ಆಗುತ್ತದೆ.

## ಹಂತ 1: ಯಾವ ವಿಮಾನ?

ಹಳೆಯ ಹಗುರ ವಿಮಾನಗಳಲ್ಲಿ ಕಲಿಯುವವರಿಗೆ ಹೊಂದುವುದು ಎರಡು: ಹಳದಿ ಬಣ್ಣದ ಪೈಪರ್ ಜೆ-3 ಕಬ್ ಮತ್ತು ಸೆಸ್ನಾ 172. ಎರಡರ ರೆಕ್ಕೆಯೂ ಒಡಲಿನ ಮೇಲಿದೆ. ರೆಕ್ಕೆ ಮೇಲಿರುವುದರಿಂದ ವಾಲಿದಾಗ ಸ್ವಲ್ಪಮಟ್ಟಿಗೆ ತಾನೇ ನೆಟ್ಟಗಾಗುವ ಗುಣ ಎರಡಕ್ಕೂ ಇದೆ. ಯುದ್ಧವಿಮಾನದ ಮಾದರಿ, ಎರಡು ರೆಕ್ಕೆಯ ಟೈಗರ್ ಮಾತ್ ಮುಂತಾದವು ಎರಡನೆಯ ವರ್ಷಕ್ಕಿರಲಿ.

ಇವೆರಡರಲ್ಲಿ ಯಾವುದು ಎಂಬುದನ್ನು ನೀವು ಹಾರಿಸುವ ನೆಲವೇ ತೀರ್ಮಾನಿಸಲಿ. ಸೆಸ್ನಾಕ್ಕೆ ಮೂಗಿನ ಕೆಳಗೊಂದು ಚಕ್ರ. ಗಟ್ಟಿ ನೆಲದಲ್ಲಿ ಅದು ನೇರವಾಗಿ ಓಡುತ್ತದೆ, ಕಲಿಯುವವರಿಗೆ ಸಲೀಸು. ಆದರೆ ದಾವಣಗೆರೆ ಸುತ್ತಲಿನ ಎರೆಹೊಲದ ಹೆಂಟೆಗೆ ಆ ಚಕ್ರ ತಗುಲಿದರೆ ಮೂಗಿನ ಕಾಲು ಬುಡಸಮೇತ ಕಿತ್ತು ಬರುತ್ತದೆ, ಜೊತೆಗೆ ಮೋಟಾರ್ ಕೂತ ಮರದ ಹಲಗೆಯೂ. ಕಬ್‌ಗೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಲ್ಲೊಂದು ಪುಟ್ಟ ಚಕ್ರ. ಒರಟು ನೆಲ ತಡೆಯುತ್ತದೆ. ಆದರೆ ಓಡುವಾಗ ಎಡಕ್ಕೆ ಎಳೆಯುತ್ತದೆ, ರಡ್ಡರ್‌ನಲ್ಲಿ (ಮೂಗನ್ನು ಎಡಬಲಕ್ಕೆ ತಿರುಗಿಸುವ, ಬಾಲದ ನೆಟ್ಟನೆಯ ಪಟ್ಟಿ) ಹಿಡಿದು ಓಡಿಸಬೇಕು. ಕಾಲೇಜು ಮೈದಾನ ಸಿಗುವವರು ಸೆಸ್ನಾ ಕೊಳ್ಳಿ, ಕೊಯ್ಲಾದ ಹೊಲವೇ ಗತಿ ಎನ್ನುವವರು ಕಬ್ ಕೊಳ್ಳಿ. ಕಬ್ ಆದರೆ ಚಕ್ರದ ವ್ಯಾಸ 75 ಮಿ.ಮೀ.ಗೆ ಕಡಿಮೆ ಬೇಡ.

ಅಳತೆ: ರೆಕ್ಕೆ ತುದಿಯಿಂದ ತುದಿಗೆ 1200ರಿಂದ 1500 ಮಿ.ಮೀ. ನಿಜವಾದ ಕಬ್‌ನ ರೆಕ್ಕೆ 10.74 ಮೀಟರ್, ಅಂದರೆ 1400 ಮಿ.ಮೀ. ಮಾದರಿ ಅದರ ಸುಮಾರು ಏಳೂಮುಕ್ಕಾಲರಲ್ಲಿ ಒಂದು ಭಾಗ. 600 ಮಿ.ಮೀ.ನ ಪುಟ್ಟ ಕಬ್ ಅಗ್ಗ, ನಿಜ. ಚಿತ್ರದುರ್ಗದ ಗಾಳಿಗೆ ಅದು ತರಗೆಲೆ. ಮೇಲಾಗಿ 80 ಮೀಟರ್ ದೂರದಲ್ಲಿ ಅದು ಬರುತ್ತಿದೆಯೋ ಹೋಗುತ್ತಿದೆಯೋ ಕಣ್ಣಿಗೆ ತಿಳಿಯುವುದಿಲ್ಲ.

ಮೈ ಇಪಿಒ ಎಂಬ ಗಟ್ಟಿಮುಟ್ಟಾದ ಫೋಮಿನದಾಗಿರಲಿ. ಬಾಲ್ಸಾ ಮರದ್ದು ನೋಡಲು ಚೆಂದ, ಆದರೆ ಒಮ್ಮೆ ಬಿದ್ದರೆ ರಿಪೇರಿಗೆ ವಾರಗಟ್ಟಲೆ ಹಿಡಿಯುತ್ತದೆ. ಫೋಮಿನದು ಮಧ್ಯಾಹ್ನ ಅಂಟಿಸಿದರೆ ಮರುದಿನ ಬೆಳಿಗ್ಗೆ ಹಾರುತ್ತದೆ.

ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿ. 140 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲದ ರೆಕ್ಕೆಯ ವಿಸ್ತೀರ್ಣ 3080 ಚದರ ಸೆಂ.ಮೀ., ಅಂದರೆ ಸುಮಾರು 31 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ವಿಮಾನದ ತೂಕ 1250 ಗ್ರಾಂ ಇದ್ದರೆ ಒಂದು ಚದರ ಡೆಸಿಮೀಟರಿಗೆ 40 ಗ್ರಾಂ. ಇಷ್ಟಿದ್ದರೆ ನಿಧಾನವಾಗಿ ಹಾರಿ ನಿಧಾನವಾಗಿ ಇಳಿಯುತ್ತದೆ. 55 ದಾಟಿದರೆ ಬಿಡಿ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿವೆ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಶೇ. 10ಕ್ಕೂ ಹೆಚ್ಚು ತೆಳು. ಅದೇ ವಿಮಾನ ಇಲ್ಲಿ ಸ್ವಲ್ಪ ಹೆಚ್ಚು ವೇಗದಲ್ಲಿ ಇಳಿಯಲೇಬೇಕಾಗುತ್ತದೆ.

## ಹಂತ 2: ಜೊತೆಗೆ ಬೇಕಾದ ಸಾಮಾನು

ಮೋಟಾರ್‌ನ ಲೆಕ್ಕ ಸರಳ. ಕಲಿಕೆಯ ವಿಮಾನಕ್ಕೆ ಕೆ.ಜಿ.ಗೆ 220 ವ್ಯಾಟ್ ಸಾಕು. 1.25 ಕೆ.ಜಿ.ಗೆ 275 ವ್ಯಾಟ್. ಮೂರು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್, ಹಾಗಾಗಿ ಪೂರ್ತಿ ಥ್ರಾಟಲ್‌ನಲ್ಲಿ (ಮೋಟಾರ್ ವೇಗ ಪೂರ್ತಿ ಏರಿಸಿದಾಗ) ಸುಮಾರು 25 ಆಂಪಿಯರ್ ಎಳೆಯುತ್ತದೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) 40 ಆಂಪಿಯರ್‌ದು ಹಾಕಿ. 30ರದ್ದು ಹಾಕಿದರೆ ಏಪ್ರಿಲ್ ಬಿಸಿಲಿಗೆ ಕಾದು ನಡುವೆಯೇ ಕೈಕೊಡಬಹುದು.

ಬ್ಯಾಟರಿ 2200 ಎಂಎಎಚ್ (ವಿದ್ಯುತ್ ಹಿಡಿಯುವ ಸಾಮರ್ಥ್ಯ), 30ಸಿ (ಆ ಸಾಮರ್ಥ್ಯದ 30 ಪಟ್ಟು ಕರೆಂಟ್ ಕೊಡಬಲ್ಲದ್ದು), ಕನಿಷ್ಠ ಎರಡು. ಸೆಲ್‌ಗಳನ್ನು ಸರಿದೂಗಿಸಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಟ್ರಾನ್ಸ್‌ಮಿಟರ್ 2.4 ಗಿಗಾಹರ್ಟ್ಸ್‌ದು, ಆರು ಚಾನೆಲ್‌ದು. ಥ್ರಾಟಲ್ ಎಡಗೈಗೆ ಬರುವ ಮೋಡ್ 2 ತೆಗೆದುಕೊಳ್ಳಿ. ನಿಮಗೆ ಕಲಿಸುವವರು ಮೋಡ್ 1 (ಥ್ರಾಟಲ್ ಬಲಗೈಗೆ) ಹಿಡಿಯುವವರಾದರೆ ನೀವೂ ಅದನ್ನೇ ಕೊಳ್ಳಿ. ಆಪತ್ತಿನಲ್ಲಿ ಟ್ರಾನ್ಸ್‌ಮಿಟರ್ ಅವರ ಕೈಗೆ ಹೋಗಬೇಕಾಗುತ್ತದೆ, ಆಗ ಕಡ್ಡಿಗಳು (ಬೆರಳಿನಲ್ಲಿ ಆಡಿಸುವ ಸ್ಟಿಕ್‌ಗಳು) ಅವರ ಅಭ್ಯಾಸದಂತೆ ಇರಬೇಕು.

ಬಿಡಿಭಾಗಗಳನ್ನು ವಿಮಾನದ ಜೊತೆಗೇ ತರಿಸಿ: ಪ್ರೊಪೆಲರ್ ಮೂರು, ಪ್ರೊಪೆಲರ್ ಕೂರುವ ಅಡಾಪ್ಟರ್ ಒಂದು, 9 ಗ್ರಾಂ ಸರ್ವೋ (ಐಲೆರಾನ್, ರಡ್ಡರ್ ಮುಂತಾದವನ್ನು ಆಡಿಸುವ ಪುಟ್ಟ ಮೋಟಾರ್) ಎರಡು, ಚಕ್ರದ ಕಾಲಿನ ತಂತಿ ಒಂದು. ಲಿಪೋ ಬ್ಯಾಟರಿ ಸಾಮಾನ್ಯವಾಗಿ ಏರ್ ಕಾರ್ಗೋದಲ್ಲಿ ಬರುವುದಿಲ್ಲ, ರಸ್ತೆ ಮಾರ್ಗದಲ್ಲೇ ಬರಬೇಕು, ದಿನ ಹೆಚ್ಚು ಹಿಡಿಯುತ್ತದೆ. ಅದನ್ನು ಮೊದಲೇ ಆರ್ಡರ್ ಮಾಡಿ.

ಕೆಲಸದ ಸಾಮಾನು: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸ್ಕೇಲು, ಅಲೆನ್ ಕೀ, ಐದು ನಿಮಿಷದ ಎಪಾಕ್ಸಿ, ನಾರಿನ ಟೇಪು, ವೆಲ್ಕ್ರೋ ಪಟ್ಟಿ, ಸೆಲ್ ವೋಲ್ಟ್ ತೋರಿಸುವ ಲಿಪೋ ಚೆಕರ್. ಫೆವಿಕ್ವಿಕ್ ಇಪಿಒ ಫೋಮಿಗೆ ಹಿಡಿಯುತ್ತದೆ, ಬಿಳಿ ಥರ್ಮಾಕೋಲನ್ನು ಕರಗಿಸುತ್ತದೆ. ಯಾವ ಫೋಮ್ ಎಂದು ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

## ಹಂತ 3: ಪಾರ್ಸಲ್ ಬರುವಷ್ಟರಲ್ಲಿ ಸಿಮ್ಯುಲೇಟರ್

ಎಂಟರಿಂದ ಹತ್ತು ಗಂಟೆ. ಪಿಕಾಸಿಮ್ ಉಚಿತ, ರಿಯಲ್‌ಫ್ಲೈಟ್‌ಗೆ ದುಡ್ಡು ಕೊಡಬೇಕು. ಯಾವುದಾದರೂ ಆದೀತು, ಆದರೆ ಮೊಬೈಲ್ ಪರದೆ ಒರೆಸಿ ಆಡಬೇಡಿ, ನಿಮ್ಮದೇ ಟ್ರಾನ್ಸ್‌ಮಿಟರನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ. ಪಲ್ಟಿ ಹೊಡೆಸುವುದರಲ್ಲಿ ಸಮಯ ಕಳೆಯದೆ ಇಳಿಸುವುದನ್ನೇ ಮಾಡಿ. ಸತತ ಹತ್ತು ಸಲ ಮುರಿಯದೆ ಇಳಿಸಲು ಬಂದ ಮೇಲೆ ಮುಂದಿನ ಹಂತ.

ಎಲ್ಲರೂ ಎಡವುವುದು ವಿಮಾನ ನಮ್ಮ ಕಡೆಗೆ ಬರುವಾಗ. ಆಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಯೋಚಿಸಿ ತಿರುಗಿಸುವಷ್ಟು ಸಮಯ ಇರುವುದಿಲ್ಲ. ಒಂದೇ ಸೂತ್ರ ಕೈಗೆ ಹತ್ತಿಸಿಕೊಳ್ಳಿ: ಎದುರು ಬರುವ ವಿಮಾನದ ಯಾವ ರೆಕ್ಕೆ ಕೆಳಗಿಳಿದು ಕಾಣುತ್ತದೋ, ಕಡ್ಡಿಯನ್ನು ಆ ಕಡೆಗೇ ತಳ್ಳಿ. ಬೀಳುವ ಚಪ್ಪರಕ್ಕೆ ಗೂಟ ಕೊಟ್ಟ ಹಾಗೆ.

## ಹಂತ 4: ಜೋಡಣೆ

ಪ್ರೊಪೆಲರ್ ಈಗ ಹಾಕಬೇಡಿ. ಅದು ಮನೆಯ ಕೆಲಸವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಮೇಜಿನ ಮೇಲೆ ಮೋಟಾರ್ ಥಟ್ಟನೆ ತಿರುಗಿ ಬೆರಳು ಸೀಳಿದ ಉದಾಹರಣೆಗಳೆಲ್ಲ ಪ್ರೊಪೆಲರ್ ಹಾಕಿಟ್ಟು ಬ್ಯಾಟರಿ ಚುಚ್ಚಿದಾಗಿನವು.

ಬಾಲದ ಅಡ್ಡರೆಕ್ಕೆಯನ್ನು ಕೂರಿಸಿ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಮುಖ್ಯ ರೆಕ್ಕೆಗೂ ಅದಕ್ಕೂ ಓರೆ ಕಾಣಬಾರದು. ಅಂಟು ಒಣಗುವ ಮುನ್ನ ಬಾಲದ ಎರಡೂ ತುದಿಯಿಂದ ರೆಕ್ಕೆಯ ತುದಿಗೆ ದಾರ ಹಿಡಿದು ಅಳೆಯಿರಿ, ಎರಡೂ ಬದಿ ಸಮ ಬರಬೇಕು. ಹಿಂಜ್‌ಗಳನ್ನು (ಆಡುವ ಪಟ್ಟಿಗಳ ಕೀಲು) ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ. ಕಾರ್ಖಾನೆಯಲ್ಲಿ ಅಂಟು ಬೀಳದೆ ಬರುವ ಹಿಂಜ್‌ಗಳು ಅಪರೂಪವೇನಲ್ಲ.

ಮೋಟಾರ್ ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ಓರೆಯಾಗಿ ಕಾಣುತ್ತದೆ, ಎರಡು ಮೂರು ಡಿಗ್ರಿ. ಅದು ತಪ್ಪಲ್ಲ. ಪ್ರೊಪೆಲರ್ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ಥ್ರಾಟಲ್ ಏರಿಸಿದಾಗ ಮೂಗು ಮೇಲೇಳುತ್ತದೆ. ಅದನ್ನು ತಡೆಯಲೆಂದೇ ಆ ಓರೆ ಇಟ್ಟಿರುತ್ತಾರೆ. ವಾಷರ್ ಸೇರಿಸಿ ನೆಟ್ಟಗೆ ಮಾಡಿದವರ ವಿಮಾನ ಏರುವಾಗಲೇ ಎಡಕ್ಕೆ ಮಗುಚುತ್ತದೆ.

ಮೋಟಾರ್ ಉಲ್ಟಾ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಪ್ರೊಪೆಲರ್‌ನ ಅಂಕಿ ಬರೆದ ಮುಖ ಯಾವಾಗಲೂ ವಿಮಾನದ ಮುಂದಕ್ಕೆ. ಹಿಂದುಮುಂದಾಗಿ ಹಾಕಿದರೂ ಗಾಳಿ ಹಿಂದಕ್ಕೇ ಬರುತ್ತದೆ, ಸದ್ದು ಜೋರಾಗಿರುತ್ತದೆ, ಎಳೆತ ಮಾತ್ರ ಸಾಲುವುದಿಲ್ಲ. ನೆಲದ ಮೇಲೆ ಉದ್ದಕ್ಕೂ ಓಡಿ ಮೇಲೇಳದ ವಿಮಾನ ಕಂಡರೆ ಮೊದಲು ಇದನ್ನೇ ನೋಡಿ.

## ಹಂತ 5: ತೂಕ ಎಲ್ಲಿ ನಿಲ್ಲಬೇಕು

ಈ ಒಂದು ಹಂತಕ್ಕೆ ಅರ್ಧ ಗಂಟೆ ಕೊಡಿ. ಮಾದರಿ ವಿಮಾನದವರು ಸಿಜಿ ಎನ್ನುವುದು ಇದನ್ನೇ: ವಿಮಾನದ ಪೂರ್ತಿ ತೂಕ ನಿಲ್ಲುವ ಬಿಂದು. ಕೈಪಿಡಿಯಲ್ಲಿ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ಶೇ. 25ರಿಂದ 30ರೊಳಗೆ. 220 ಮಿ.ಮೀ. ಅಗಲದ ರೆಕ್ಕೆಗೆ 55ರಿಂದ 66 ಮಿ.ಮೀ. ಮೊದಲ ಹಾರಾಟಕ್ಕೆ 55-58ರ ಕಡೆಗೇ ಇರಲಿ.

ಅಳೆಯುವ ಬಗೆ: ಹಾರಲು ಹೊರಟಂತೆ ಎಲ್ಲವನ್ನೂ ಹಾಕಿ. ಬ್ಯಾಟರಿ, ಚಕ್ರ, ಮುಚ್ಚಳ, ಯಾವುದೂ ಬಿಡಬೇಡಿ. ಪ್ರೊಪೆಲರನ್ನು ಮಾತ್ರ ಮೂಗಿಗೆ ಟೇಪಿನಲ್ಲಿ ಅಂಟಿಸಿ. ಒಡಲಿನ ಎರಡೂ ಪಕ್ಕ ರೆಕ್ಕೆಯ ಕೆಳಗೆ 55 ಮಿ.ಮೀ.ಗೆ ಪೆನ್ನಿನಲ್ಲಿ ಗುರುತು ಹಾಕಿ. ಫ್ಯಾನು ಆಫ್ ಮಾಡಿ. ಎರಡು ತೋರುಬೆರಳ ತುದಿಯನ್ನು ಗುರುತಿಗೆ ಕೊಟ್ಟು ಮೆಲ್ಲಗೆ ಎತ್ತಿ. ಮೂಗು ಒಂದಿಷ್ಟೇ ತಗ್ಗಿ ನಿಂತರೆ ಸರಿ. ಬಾಲ ಕೆಳಗಿಳಿದರೆ ಆ ವಿಮಾನ ಮನೆಯಿಂದ ಹೊರಡಬಾರದು.

ಯಾಕಿಷ್ಟು ಗಟ್ಟಿಯಾಗಿ ಹೇಳುವುದು ಎಂದರೆ, ಮೂಗು ಭಾರವಾದ ವಿಮಾನ ಸೋಮಾರಿಯಾಗಿ ಹಾರುತ್ತದೆ, ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ, ಬಾಲದ ಅಡ್ಡರೆಕ್ಕೆಯ ಪಟ್ಟಿ) ಹೆಚ್ಚು ಕೇಳುತ್ತದೆ, ಇಳಿಯುವಾಗ ದಪ್ಪನೆ ಕೂರುತ್ತದೆ, ಅಷ್ಟೆ. ಬಾಲ ಭಾರವಾದರೆ ಮೂಗು ತಾನಾಗಿ ಮೇಲೇಳುತ್ತದೆ. ನೀವು ಕೆಳಕ್ಕೆ ಒತ್ತುತ್ತೀರಿ, ಅದು ಥಟ್ಟನೆ ಮುಳುಗುತ್ತದೆ. ಮತ್ತೆ ಎತ್ತುತ್ತೀರಿ, ಎರಡರಷ್ಟು ಏಳುತ್ತದೆ. ಮೂರನೆಯ ಅಲೆಗೆ ವೇಗ ಸತ್ತು ಒಂದು ರೆಕ್ಕೆ ಕಳಚಿದಂತೆ ಬೀಳುತ್ತದೆ. ಇದನ್ನು ಹೊಸಬರ ಕೈ ತಿದ್ದಲಾರದು.

ಬಾಲ ಭಾರವಿದ್ದರೆ ಮೊದಲು ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ. ಅದು ಮುಟ್ಟುವಷ್ಟು ಮುಟ್ಟಿದ ಮೇಲೂ ಸಾಲದಿದ್ದರೆ ಮೋಟಾರ್ ಹಲಗೆಯ ಹತ್ತಿರ ಸೀಸದ ಚೂರು ಅಂಟಿಸಿ, ಹತ್ತು ಹತ್ತು ಗ್ರಾಂನಂತೆ. ಸರಿ ಬಂದ ಮೇಲೆ ಬ್ಯಾಟರಿಯ ಹಿಂದಿನ ಅಂಚು ಎಲ್ಲಿದೆಯೋ ಅಲ್ಲಿ ಒಡಲೊಳಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ವೆಲ್ಕ್ರೋ ಜೊತೆಗೆ ಪಟ್ಟಿಯನ್ನೂ ಬಿಗಿಯಿರಿ, ಏಕೆಂದರೆ ಮೂಗು ಮೇಲೆತ್ತಿ ಏರುವಾಗಲೇ ಬ್ಯಾಟರಿ ಹಿಂದಕ್ಕೆ ಜಾರುವುದು. ಎರಡನೆಯ ಬ್ಯಾಟರಿ ಬೇರೆ ಕಂಪನಿಯದಾದರೆ ತಕ್ಕಡಿಗೆ ಹಾಕಿ ನೋಡಿ. 30 ಗ್ರಾಂ ವ್ಯತ್ಯಾಸ ಬಂದರೂ ಸಿಜಿ ಮತ್ತೆ ಅಳೆಯಬೇಕು, ಗೆರೆಯೂ ಬೇರೆ.

## ಹಂತ 6: ಕಡ್ಡಿ ಹೇಳಿದಂತೆ ರೆಕ್ಕೆ ಕೇಳುತ್ತದೆಯೇ?

ವಿಮಾನದ ಬಾಲ ನಿಮ್ಮ ಹೊಟ್ಟೆಯ ಕಡೆಗೆ ಬರುವಂತೆ ನಿಲ್ಲಿ. ಎದುರಿನಿಂದ ನೋಡಿ ಪರೀಕ್ಷಿಸಿದವರು ಅರ್ಧಕ್ಕರ್ಧ ತಪ್ಪು ಮಾಡುತ್ತಾರೆ. ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ಬ್ಯಾಟರಿ. ಆಫ್ ಮಾಡುವಾಗ ಬ್ಯಾಟರಿ ಮೊದಲು. ಗೈರೋ ಇರುವ ರಿಸೀವರ್ (ವಿಮಾನದೊಳಗೆ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಆದರೆ ಬ್ಯಾಟರಿ ಚುಚ್ಚಿದ ಮೇಲೆ ಕೆಲವು ಸೆಕೆಂಡು ವಿಮಾನವನ್ನು ಅಲುಗಾಡಿಸಬೇಡಿ.

1. ಐಲೆರಾನ್ ಕಡ್ಡಿ ಬಲಕ್ಕೆ: ಬಲ ಐಲೆರಾನ್ ಮೇಲಕ್ಕೆ, ಎಡದ್ದು ಕೆಳಕ್ಕೆ.
2. ಎಲಿವೇಟರ್ ಕಡ್ಡಿ ನಿಮ್ಮ ಕಡೆಗೆ: ಎಲಿವೇಟರ್ ಮೇಲಕ್ಕೆ.
3. ರಡ್ಡರ್ ಕಡ್ಡಿ ಬಲಕ್ಕೆ: ರಡ್ಡರ್‌ನ ಹಿಂಬದಿ ಬಲಕ್ಕೆ, ನೆಲದ ಮೇಲೆ ತಿರುಗುವ ಚಕ್ರವೂ ವಿಮಾನವನ್ನು ಬಲಕ್ಕೇ ತಿರುಗಿಸಬೇಕು.

ಐಲೆರಾನ್‌ಗೆ ಮರೆಯದ ಗುರುತು: ಕಡ್ಡಿಯ ಮೇಲೆ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ ಬಲಕ್ಕೆ ತಳ್ಳಿ. ಹೆಬ್ಬೆರಳು ಯಾವ ಕಡೆ ನಿಂತಿದೆಯೋ ಆ ಕಡೆಯ ಐಲೆರಾನ್ ಹೆಬ್ಬೆರಳಿನಂತೆ ಮೇಲೆ ನಿಂತಿರಬೇಕು.

ಗೈರೋ ಇದ್ದರೆ ಇದಕ್ಕೆ ಬೇರೆ ಪರೀಕ್ಷೆ. ಕಡ್ಡಿ ಮುಟ್ಟದೆ ವಿಮಾನವನ್ನು ಕೈಯಲ್ಲಿ ಹಿಡಿದು ಬಲ ರೆಕ್ಕೆಯನ್ನು ಥಟ್ಟನೆ ಕೆಳಗಿಳಿಸಿ. ಬಲ ಐಲೆರಾನ್ ಕೆಳಕ್ಕೆ ಹೋಗಬೇಕು, ಬೀಳುತ್ತಿರುವ ರೆಕ್ಕೆಯನ್ನು ಎತ್ತುವುದಕ್ಕೆ. ಮೂಗು ತಗ್ಗಿಸಿದರೆ ಎಲಿವೇಟರ್ ಮೇಲಕ್ಕೆ ಬರಬೇಕು. ಕಡ್ಡಿ ಸರಿಯಿದ್ದು ಗೈರೋ ಮಾತ್ರ ಉಲ್ಟಾ ಇರುವುದು ಸಾಧ್ಯ, ಅಂಥ ವಿಮಾನ ನೆಲ ಬಿಟ್ಟ ಒಂದು ಸೆಕೆಂಡಿನಲ್ಲಿ ಮಗುಚುತ್ತದೆ. ಗೈರೋ ಇದ್ದರೆ ಸಿಜಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ ಎಂಬ ಮಾತು ನಂಬಬೇಡಿ.

ಇವು ಎಷ್ಟು ಆಡಬೇಕು ಎಂಬ ಅಳತೆ, ಹಿಂಬದಿ ಅಂಚಿನಲ್ಲಿ ಸ್ಕೇಲು ಹಿಡಿದು: ಎಲಿವೇಟರ್ ಮೇಲೆ ಕೆಳಗೆ 12 ಮಿ.ಮೀ., ರಡ್ಡರ್ ಎರಡೂ ಕಡೆ 25 ಮಿ.ಮೀ. ಐಲೆರಾನ್ ಮಾತ್ರ ಮೇಲಕ್ಕೆ 15, ಕೆಳಕ್ಕೆ 8 ಇರಲಿ. ಕೈಪಿಡಿ ಬೇರೆ ಹೇಳಿದರೆ ಅದನ್ನು ಅನುಸರಿಸಿ. ಎಕ್ಸ್‌ಪೋ (ಕಡ್ಡಿಯ ನಡುಭಾಗದಲ್ಲಿ ಆಟವನ್ನು ಮೃದುಗೊಳಿಸುವ ಟ್ರಾನ್ಸ್‌ಮಿಟರ್ ಆಯ್ಕೆ) ಶೇ. 30.

ಮೇಲೆ ಹೆಚ್ಚು, ಕೆಳಗೆ ಕಡಿಮೆ ಏಕೆ? ಕಬ್‌ನಂಥ ಉದ್ದ ರೆಕ್ಕೆಯ ವಿಮಾನವನ್ನು ಬಲಕ್ಕೆ ವಾಲಿಸಿದಾಗ ಎಡದ ಐಲೆರಾನ್ ಕೆಳಗಿಳಿದು ಆ ರೆಕ್ಕೆಗೆ ಗಾಳಿಯ ತಡೆ ಹೆಚ್ಚಾಗುತ್ತದೆ. ರೆಕ್ಕೆ ಬಲಕ್ಕೆ ವಾಲುತ್ತದೆ, ಮೂಗು ಎಡಕ್ಕೆ ಜಗ್ಗುತ್ತದೆ. ಕೆಳಗಿನ ಆಟ ಕಡಿಮೆ ಮಾಡಿದರೆ ಈ ಜಗ್ಗಾಟ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದಕ್ಕೆ ರಡ್ಡರ್ ಬೇಕು.

ಕೊನೆಗೆ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದರೆ ಮೋಟಾರ್ ತಾನೇ ನಿಲ್ಲುವ ವ್ಯವಸ್ಥೆ. ಪ್ರೊಪೆಲರ್ ಇಲ್ಲದೆ ಮೋಟಾರನ್ನು ಅರ್ಧ ಥ್ರಾಟಲ್‌ನಲ್ಲಿ ತಿರುಗಿಸಿ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ರಿಸೀವರನ್ನು ಟ್ರಾನ್ಸ್‌ಮಿಟರಿಗೆ ಮತ್ತೆ ಜೋಡಿಸಿ (ಬೈಂಡ್ ಮಾಡಿ), ಥ್ರಾಟಲ್ ಸೊನ್ನೆಯಲ್ಲಿಟ್ಟು.

## ಹಂತ 7: ಜಾಗ, ಗಾಳಿ, ನಿಯಮ

ಕನಿಷ್ಠ 100 ಮೀಟರ್ ಉದ್ದ, 40 ಮೀಟರ್ ಅಗಲದ ಬಯಲು ಬೇಕು. ಅದರಾಚೆಗೂ ನಾಲ್ಕೂ ಕಡೆ ಮನೆ, ರಸ್ತೆ, ವಿದ್ಯುತ್ ತಂತಿ ಇರಬಾರದು. ಚಳ್ಳಕೆರೆ ಕಡೆಯ ಶೇಂಗಾ ಕಿತ್ತ ಕೆಂಪು ಮರಳು ಹೊಲ ಇಳಿಸಲು ಬಹಳ ಚೆನ್ನ. ಆದರೆ ಮೋಟಾರ್‌ನ ಅಯಸ್ಕಾಂತ ಆ ಮಣ್ಣಿನ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ, ಪ್ರತಿ ಸಲ ಬ್ರಷ್‌ನಲ್ಲಿ ಒರೆಸಿ. ದಾವಣಗೆರೆ, ಹರಿಹರದ ಕಡೆ ಭತ್ತ ಕೊಯ್ದು ಒಣಗಿದ ಗದ್ದೆ ಆಗುತ್ತದೆ, ಬದುಗಳನ್ನು ಮೊದಲು ನಡೆದು ನೋಡಿಕೊಳ್ಳಿ. ಆಳೆತ್ತರದ ಮೆಕ್ಕೆಜೋಳದ ಪಕ್ಕ ಹಾರಿಸಬೇಡಿ. ಒಳಗೆ ಬಿದ್ದರೆ ಐದು ಹೆಜ್ಜೆ ಹತ್ತಿರ ಹೋದರೂ ಕಾಣುವುದಿಲ್ಲ, ಹುಡುಕುವ ಭರದಲ್ಲಿ ರೈತರ ಬೆಳೆ ತುಳಿದಿರುತ್ತೀರಿ. ಹೊಲ ಯಾರದೋ ಅವರನ್ನು ಕೇಳಿಯೇ ಕಾಲಿಡಿ: "ಯಜಮಾನ್ರೇ, ಬೆಳಿಗ್ಗೆ ಒಂದು ತಾಸು ಹಾರಿಸ್ಕೊಂಡು ಹೋಗ್ತೀವಿ, ಬದು ಹಾಳ್ ಮಾಡಲ್ಲ." ಇಷ್ಟು ಹೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವವರಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ, ಹೊಸಬರು ಸಿಮ್ಯುಲೇಟರ್‌ನಲ್ಲೇ ಇರಲಿ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು. ಒಂಬತ್ತರ ಮೇಲೆ ನೆಲ ಕಾದು ಬಿಸಿಗಾಳಿ ಏಳತೊಡಗುತ್ತದೆ, ವಿಮಾನ ಕಾರಣವಿಲ್ಲದೆ ಏರಿಳಿಯುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿದ್ದರೆ ಬಿಸಿಗಾಳಿ ಎದ್ದಿದೆ ಎಂದೇ ಅರ್ಥ. ಒಂದು ಕೋಲಿಗೆ ಉಲ್ಲನ್ ದಾರ ಕಟ್ಟಿ ನೆಡಿ. ದಾರ ಜೋತು ಬಿದ್ದಿದ್ದರೆ ಅಥವಾ ಅರ್ಧ ಎದ್ದಿದ್ದರೆ ಹಾರಿಸಿ. ಅಡ್ಡಡ್ಡ ನಿಂತು ಪಟಪಟಿಸುತ್ತಿದ್ದರೆ ಮನೆಗೆ ಹೋಗಿ.

ನಿಯಮ: ಡ್ರೋನ್ ನಿಯಮಗಳು 2021ರ ಪ್ರಕಾರ 250 ಗ್ರಾಂ ಮೀರಿದ, 2 ಕೆ.ಜಿ. ಮೀರದ ಯಂತ್ರ ಮೈಕ್ರೋ ವರ್ಗ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಅದನ್ನು ಹಾರಿಸಲು ರಿಮೋಟ್ ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ಜಾಗದ ನಿಯಮ ಎಲ್ಲರಿಗೂ ಇದೆ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದೆಯೇ ನೋಡಿ, ಅಲ್ಲೂ 400 ಅಡಿ ಮೀರಬೇಡಿ. ನೋಂದಣಿಯ ಸದ್ಯದ ಷರತ್ತನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಜಾಲತಾಣದಲ್ಲಿ ಓದಿಕೊಳ್ಳಿ. ಚಳ್ಳಕೆರೆ ತಾಲ್ಲೂಕಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ನಾಯಕನಹಟ್ಟಿ ಹತ್ತಿರದ ಕುದಾಪುರದಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ, ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುವುದೇ ಅಲ್ಲಿ. ಆ ಸುತ್ತಮುತ್ತ ಹಾರಾಟ ಬೇಡವೇ ಬೇಡ. ಚಿತ್ರದುರ್ಗದ ಕೋಟೆಯ ಆವರಣದಲ್ಲೂ ಬೇಡ.

## ಹಂತ 8: ಹೊಲದಲ್ಲಿ, ಮೋಟಾರ್ ಹಚ್ಚುವ ಮುನ್ನ

ಒಬ್ಬರೇ ಹೋಗಬೇಡಿ. ಜೊತೆಗಿರುವವರ ಕೆಲಸ ಎರಡು: ಜನ, ದನ, ನಾಯಿ ಹತ್ತಿರ ಬಂದರೆ ಹೇಳುವುದು, ಹುಡುಗರನ್ನು ನಿಮ್ಮ ಹಿಂದೆ ನಿಲ್ಲಿಸುವುದು. "ಅಣ್ಣಾ, ಎಷ್ಟ್ ದೂರ ಹೋಗುತ್ತೆ?" ಎಂದು ಕೇಳುತ್ತಾ ಮಕ್ಕಳು ಪ್ರೊಪೆಲರ್ ಎದುರಿಗೇ ಬಂದು ನಿಲ್ಲುತ್ತಾರೆ. ಉತ್ತರ ಇಳಿಸಿದ ಮೇಲೆ ಕೊಡಿ.

ಲಿಪೋ ಚೆಕರ್ ಚುಚ್ಚಿ. ತುಂಬಿದ ಸೆಲ್ 4.2 ವೋಲ್ಟ್, ಮೂರೂ ಸೇರಿ 12.6. ಟ್ರಾನ್ಸ್‌ಮಿಟರನ್ನು ರೇಂಜ್ ಟೆಸ್ಟ್‌ಗೆ (ಸಿಗ್ನಲ್ ಬಲ ತಗ್ಗಿಸಿ ನೋಡುವ ಪರೀಕ್ಷೆ) ಹಾಕಿ 30 ಹೆಜ್ಜೆ ದೂರ ನಡೆಯಿರಿ, ಸರ್ವೋಗಳು ತಡವರಿಸದೆ ಕೇಳಬೇಕು. ಹಿಂದಿನ ರಾತ್ರಿ ಮಾಡಿದ್ದರೂ ಹಂತ 6ರ ಮೂರು ದಿಕ್ಕುಗಳನ್ನು ಮತ್ತೊಮ್ಮೆ ನೋಡಿ. ಟೈಮರ್ ಆರು ನಿಮಿಷಕ್ಕೆ ಇಡಿ. 2200 ಎಂಎಎಚ್‌ನ ಶೇ. 80 ಅಂದರೆ 1760. ಸರಾಸರಿ 12 ಆಂಪಿಯರ್ ಎಳೆದರೆ ಎಂಟೂಮುಕ್ಕಾಲು ನಿಮಿಷ ಬರುತ್ತದೆ. ಉಳಿದ ನಿಮಿಷಗಳು ಇಳಿಸಲು ಎರಡು ಮೂರು ಪ್ರಯತ್ನ ಬೇಕಾದರೆ ಇರಲಿ.

## ಹಂತ 9: ನೆಲ ಬಿಡುವುದು

ನೇರ ಎದುರುಗಾಳಿಗೆ ನಿಲ್ಲಿಸಿ, ನೀವು ವಿಮಾನದ ಹಿಂದೆ ನಿಲ್ಲಿ. ಕಬ್ ಆದರೆ ಎಲಿವೇಟರನ್ನು ಸ್ವಲ್ಪ ಮೇಲಕ್ಕೆ ಹಿಡಿಯಿರಿ, ಬಾಲ ನೆಲದಲ್ಲೇ ಇರಲಿ, ಇಲ್ಲದಿದ್ದರೆ ಮೂಗಿಗೆ ಮುಗ್ಗರಿಸುತ್ತದೆ. ಥ್ರಾಟಲನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ಏರಿಸಿ. ವಿಮಾನ ಎಡಕ್ಕೆ ಎಳೆಯಲು ಶುರುಮಾಡುತ್ತದೆ, ಬಲ ರಡ್ಡರ್ ಕೊಡುತ್ತಾ ಹೋಗಿ. ಐಲೆರಾನ್‌ನಲ್ಲಿ ನೇರ ಮಾಡಲು ಹೋಗಬೇಡಿ, ನೆಲದ ಮೇಲೆ ಅದು ಕೇಳುವುದಿಲ್ಲ. ವೇಗ ಬಂದಂತೆ ಎಲಿವೇಟರ್ ಸಡಿಲಿಸಿ. ಬಾಲ ತಾನೇ ಏಳುತ್ತದೆ, ಇನ್ನೂ ಸ್ವಲ್ಪ ಓಡಲು ಬಿಟ್ಟು ಕೂದಲೆಳೆಯಷ್ಟು ಎಳೆಯಿರಿ.

ಇಪ್ಪತ್ತು ಸೆಕೆಂಡಿನ ಅಪಘಾತಗಳಲ್ಲಿ ಉಳಿದವು ಆಗುವುದು ಇಲ್ಲಿ. ನೆಲ ಬಿಟ್ಟ ಖುಷಿಗೆ ಕಡ್ಡಿಯನ್ನು ಪೂರ್ತಿ ಎಳೆಯುತ್ತಾರೆ. ಮೂಗು ಆಕಾಶ ನೋಡುತ್ತದೆ, ವೇಗ ಸಾಯುತ್ತದೆ, ಎಡ ರೆಕ್ಕೆ ಬೀಳುತ್ತದೆ. ಮನೆಯ ಮೆಟ್ಟಿಲಿಗಿಂತ ಕಡಿಮೆ ಓರೆಯಲ್ಲಿ ಏರಲಿ. 15 ಮೀಟರ್ ಎತ್ತರ ಮುಟ್ಟುವವರೆಗೆ ತಿರುಗಿಸಬೇಡಿ.

## ಹಂತ 10: ಮೇಲೆ

40-50 ಮೀಟರ್ ಎತ್ತರಕ್ಕೆ ಹೋಗಿ ಥ್ರಾಟಲ್ ಅರ್ಧಕ್ಕೆ ಇಳಿಸಿ. ಕಡ್ಡಿಯಿಂದ ಬೆರಳು ತೆಗೆದರೆ ಎತ್ತ ಹೋಗುತ್ತದೆ ನೋಡಿ, ಅದನ್ನು ತಿದ್ದುವ ಕಡೆಗೆ ಟ್ರಿಮ್ (ಕಡ್ಡಿಯ ಪಕ್ಕದ ಪುಟ್ಟ ಗುಂಡಿ) ಒತ್ತಿ, ಒಂದು ಸಲಕ್ಕೆ ಎರಡು ಕ್ಲಿಕ್. ತಿರುಗಿಸುವಾಗ ಐಲೆರಾನ್ ಜೊತೆಗೆ ಅದೇ ಕಡೆಗೆ ಸ್ವಲ್ಪ ರಡ್ಡರ್. ಬಾಲ ಹೊರಗೆ ತೂಗಿದಂತೆ ಕಂಡರೆ ರಡ್ಡರ್ ಕಡಿಮೆ ಮಾಡಿ, ಮೂಗು ತಿರುವಿನ ಹೊರಗೆ ಜಗ್ಗಿದರೆ ಹೆಚ್ಚಿಸಿ.

ನಂತರ ಸ್ಟಾಲ್ (ವೇಗ ಸಾಲದೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ) ಪರೀಕ್ಷೆ, ಇದನ್ನು ಬಿಡಬೇಡಿ. ಎದುರುಗಾಳಿಗೆ ಮುಖ ಮಾಡಿ ಥ್ರಾಟಲ್ ಸೊನ್ನೆಗೆ ತಂದು ಎಲಿವೇಟರನ್ನು ಮೆಲ್ಲಮೆಲ್ಲಗೆ ಎಳೆಯಿರಿ. ರೆಕ್ಕೆ ಅತ್ತಿತ್ತ ತೂಗುತ್ತದೆ, ಕಡ್ಡಿ ಮೆತ್ತಗಾದಂತೆ ಅನಿಸುತ್ತದೆ, ಆಮೇಲೆ ಮೂಗು ಬೀಳುತ್ತದೆ. ಆ ತೂಗಾಟವೇ ಎಚ್ಚರಿಕೆ. ಕಂಡ ಕೂಡಲೇ ಎಲಿವೇಟರ್ ಬಿಡಿ, ಥ್ರಾಟಲ್ ಕೊಡಿ, ರೆಕ್ಕೆ ನೆಟ್ಟಗೆ ಮಾಡಿ. ನಾವು ಲೆಕ್ಕ ಹಾಕಿದ 1250 ಗ್ರಾಂ ವಿಮಾನಕ್ಕೆ ಈ ವೇಗ ಗಂಟೆಗೆ ಸುಮಾರು 30 ಕಿ.ಮೀ.

ಈ ಸಂಖ್ಯೆ ಹಿಡಿದುಕೊಂಡು ಗಾಳಿಯ ಮೋಸ ನೋಡಿ. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ವಿಮಾನ 40ರಲ್ಲಿ ಹಾರುತ್ತಿದೆ. ಎದುರುಗಾಳಿಗೆ ಹೋಗುವಾಗ ನಿಮ್ಮ ಕಣ್ಣಿಗೆ ಅದು 25ರಲ್ಲಿ ತೆವಳುತ್ತದೆ, ಗಾಳಿಯ ಜೊತೆ ಹೋಗುವಾಗ 55ರಲ್ಲಿ ಓಡುತ್ತದೆ. "ಅಯ್ಯೋ, ಜೋರಾಯ್ತು" ಎಂದು ಥ್ರಾಟಲ್ ಇಳಿಸಿ ಕಡ್ಡಿ ಎಳೆಯುತ್ತೀರಿ. ನೆಲಕ್ಕೆ ಹೋಲಿಸಿದರೆ ಇನ್ನೂ 44ರಲ್ಲಿ ಓಡುತ್ತಿದೆ, ಆದರೆ ರೆಕ್ಕೆಗೆ ಸಿಗುವ ಗಾಳಿ 29 ಮಾತ್ರ. ಅಲ್ಲೇ ಇಳಿಯಲೆಂದು ತಿರುಗಿಸುತ್ತೀರಿ, ಒಳಗಿನ ರೆಕ್ಕೆ ಸತ್ತು ಸುತ್ತುತ್ತಾ ಬೀಳುತ್ತದೆ. ಚಿತ್ರದುರ್ಗದಲ್ಲಿ "ತಿರುಗಿಸುವಾಗ ಸಿಗ್ನಲ್ ಹೋಯ್ತು" ಎಂದು ಹೇಳುವವರಿಗೆ ಆಗಿರುವುದು ಸಾಮಾನ್ಯವಾಗಿ ಇದೇ. ಗಾಳಿಯ ಜೊತೆ ಹೋಗುವಾಗ ವೇಗವನ್ನು ಕಣ್ಣಿನಿಂದ ಅಳೆಯಬೇಡಿ. ಥ್ರಾಟಲ್ ಎಲ್ಲಿತ್ತೋ ಅಲ್ಲೇ ಇರಲಿ, ಮೂಗು ಮಟ್ಟವಾಗಿದೆಯೇ ಎಂಬುದನ್ನಷ್ಟೇ ನೋಡಿ.

## ಹಂತ 11: ಇಳಿಸುವುದು

ನಾಲ್ಕನೆಯ ನಿಮಿಷದಲ್ಲೇ ಶುರುಮಾಡಿ. ಗಾಳಿಯ ಜೊತೆ ನಿಮ್ಮನ್ನು ದಾಟಿಸಿ, 70-80 ಮೀಟರ್ ಹೋದ ಮೇಲೆ ಅಗಲವಾಗಿ ಎರಡು ತಿರುವು ತೆಗೆದು ಎದುರುಗಾಳಿಗೆ ತನ್ನಿ. ಕೊನೆಯ ತಿರುವು 10 ಮೀಟರ್ ಎತ್ತರದ ಮೇಲೆಯೇ ಮುಗಿದಿರಲಿ.

ಎತ್ತರ ಇಳಿಸುವುದು ಥ್ರಾಟಲ್‌ನಿಂದ, ಎಲಿವೇಟರ್‌ನಿಂದ ಅಲ್ಲ. ಮೂಗು ಕೆಳಗೆ ತಳ್ಳಿದರೆ ವೇಗ ಏರಿ ಹೊಲ ದಾಟಿಬಿಡುತ್ತದೆ. ಕಬ್ ಹಗುರ, ತೇಲುತ್ತಲೇ ಇರುತ್ತದೆ. ಥ್ರಾಟಲ್ ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿ ಮೂಗು ಮಟ್ಟವಾಗಿಟ್ಟು ತನ್ನಿ. ನೆಲ ಒಂದು ಮೀಟರ್ ಇದ್ದಾಗ ಥ್ರಾಟಲ್ ಪೂರ್ತಿ ಬಿಟ್ಟು, ಇಳಿಯುತ್ತಿದ್ದಂತೆ ಎಲಿವೇಟರನ್ನು ನಿಧಾನ ಎಳೆಯುತ್ತಾ ಹೋಗಿ. ಚಕ್ರ ಮುಟ್ಟಿದ ಮೇಲೂ ರಡ್ಡರ್ ಬಿಡಬೇಡಿ. ಕಬ್ ಮಗುಚಿ ರೆಕ್ಕೆ ತುದಿ ಉಜ್ಜುವುದು ಇಳಿದ ನಂತರದ ಓಟದಲ್ಲೇ ಹೆಚ್ಚು.

ಸಾಲಿಗೆ ಬರಲಿಲ್ಲವೇ? ಥ್ರಾಟಲ್ ಏರಿಸಿ ನೇರ ಮುಂದಕ್ಕೆ ಹೋಗಿ, ಎತ್ತರ ಸಿಕ್ಕ ಮೇಲೆ ತಿರುಗಿ ಮತ್ತೆ ಬನ್ನಿ. ತಗ್ಗಿನಲ್ಲಿ, ನಿಧಾನದಲ್ಲಿ ತಿರುಗಿಸಿ ಸಾಲಿಗೆ ತರುವ ಪ್ರಯತ್ನ ಮಾಡಲೇಬೇಡಿ. ಮೋಟಾರ್ ನಿಂತುಹೋದರೆ ಮುಂದೆ ಏನಿದೆಯೋ ಅಲ್ಲೇ ನೇರವಾಗಿ ಇಳಿಸಿ, ಭತ್ತದ ಕೂಳೆಯಾದರೂ ಸರಿ.

## ಹಂತ 12: ಇಳಿದ ಮೇಲೆ, ಬಿದ್ದ ಮೇಲೆ

ವಿದ್ಯುತ್ ತಂತಿಗೆ ಸಿಕ್ಕಿದರೆ ಕೋಲು, ಕಲ್ಲು, ಹಗ್ಗ ಯಾವುದೂ ಬೇಡ. ಬೆಸ್ಕಾಂನ 1912ಕ್ಕೆ ಕರೆ ಮಾಡಿ ಕಾಯಿರಿ. ಹುಡುಗರು ಕಂಬ ಹತ್ತದಂತೆ ಅಲ್ಲೇ ನಿಂತಿರಿ.

ನೆಲಕ್ಕೆ ಬಿದ್ದರೆ ಮೊದಲು ಥ್ರಾಟಲ್ ಸೊನ್ನೆ, ಆಮೇಲೆ ಓಡಿ. ಬ್ಯಾಟರಿ ಕಳಚಿ, ಉಬ್ಬಿದೆಯೇ, ಮೂಲೆ ನಜ್ಜಾಗಿದೆಯೇ ನೋಡಿ. ಹಾಗಿದ್ದರೆ ಕಾರಿನೊಳಗೆ ಹಾಕಬೇಡಿ. ಬಯಲಿನ ಮಣ್ಣಿನ ಮೇಲಿಟ್ಟು ಅರ್ಧ ಗಂಟೆ ಕಾಯಿರಿ. ಪೆಟ್ಟು ತಿಂದ ಲಿಪೋ ತಡವಾಗಿ ಹೊತ್ತಿಕೊಳ್ಳುತ್ತದೆ, ಅದಕ್ಕೆ ಮತ್ತೆ ಚಾರ್ಜ್ ಹಾಕುವುದೇ ಬೇಡ.

ವಿಮಾನ ಮುರಿಯದೆ ಇಳಿದಿದ್ದರೂ ಬ್ಯಾಟರಿ ಅಳೆಯಿರಿ. ಸೆಲ್‌ಗೆ 3.7 ವೋಲ್ಟ್‌ಗಿಂತ ಕೆಳಗಿದ್ದರೆ ಮುಂದಿನ ಸಲ ಟೈಮರ್ ಒಂದು ನಿಮಿಷ ಕಡಿಮೆ ಮಾಡಿ. ತಣ್ಣಗಾದ ಮೇಲೆ 2.2 ಆಂಪಿಯರ್‌ನಲ್ಲಿ, ಎದುರಿಗೇ ಕೂತು, ಕಡಪ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ. ಪಕ್ಕದಲ್ಲಿ ಮರಳು ತುಂಬಿದ ಬಕೆಟ್ ಇರಲಿ. ವಾರದೊಳಗೆ ಹಾರಿಸುವುದಿಲ್ಲವಾದರೆ ಪೂರ್ತಿ ತುಂಬಿಡಬೇಡಿ, ಚಾರ್ಜರ್‌ನ ಸ್ಟೋರೇಜ್ ಆಯ್ಕೆಯಲ್ಲಿ ಸೆಲ್‌ಗೆ 3.8 ವೋಲ್ಟ್‌ಗೆ ತನ್ನಿ.

ಮೂಗು ಅಂಟಿಸಿ ರಿಪೇರಿ ಮಾಡಿದ್ದರೆ ಎಪಾಕ್ಸಿಯ ತೂಕ ಸೇರಿರುತ್ತದೆ, ಮೋಟಾರ್ ಹಲಗೆಯ ಓರೆ ಬದಲಾಗಿರುತ್ತದೆ. ಹಾರಿಸುವ ಮುನ್ನ ಹಂತ 4ರಿಂದ ಮತ್ತೆ ಶುರುಮಾಡಿ, ಬ್ಯಾಟರಿಯ ಹಳೆಯ ಗೆರೆ ಅಳಿಸಿ ಹೊಸದು ಹಾಕಿ.